ಮರದ ಧೂಳು

ಮನುಷ್ಯನ ಬಾಳಿನಲ್ಲಿ ಮರಕ್ಕಿರುವ ಸ್ಥಾನ ಬಹು ಹಿರಿದು. ಮಗು ಮಲಗುವ ತೊಟ್ಟಿಲು, ಮನೆಯ ಬಾಗಿಲು, ಹೊಲದ ನೇಗಿಲು, ಶಾಲೆಯ ಮೇಜು, ದೇವರ ತೇರು, ಇವೆಲ್ಲವೂ ಬಡಗಿಯ ಕೈಯಲ್ಲಿ ರೂಪುಗೊಂಡವು. ಹಿಂದಿನ ಕಾಲದ ಬಡಗಿಗೆ ಬಾಚಿ, ಉಳಿ, ಕೈಗರಗಸ, ಉಜ್ಜುಗೊರಡು ಇವೇ ಆಯುಧಗಳಾಗಿದ್ದವು. ಬಾಚಿಯ ಏಟಿಗೆ ಕೆತ್ತೆ ಹಾರುತ್ತಿತ್ತು. ಉಜ್ಜುಗೊರಡಿನ ಬಾಯಿಂದ ತೆಳುವಾದ ಸುರುಳಿ ಹೊರಳುತ್ತಿತ್ತು. ಕೆತ್ತೆ ಒಲೆಗೆ ಹೋಗುತ್ತಿತ್ತು. ಸುರುಳಿಗಳನ್ನು ಮಕ್ಕಳು ಆಟಕ್ಕೆ ಆರಿಸಿಕೊಳ್ಳುತ್ತಿದ್ದರು. ಉಳಿದ ಹೊಟ್ಟನ್ನು ಪೊರಕೆಯಿಂದ ಗುಡಿಸಿದರೆ ಕೆಲಸ ಮುಗಿಯುತ್ತಿತ್ತು.

ಈಗ ಕಾಲ ಬದಲಾಗಿದೆ. ವಿದ್ಯುಚ್ಛಕ್ತಿಯು ಸಣ್ಣ ಊರುಗಳನ್ನೂ ತಲುಪಿದೆ. ಸಣ್ಣ ಮೋಟಾರುಗಳು ಸುಲಭ ಬೆಲೆಗೆ ದೊರೆಯುತ್ತವೆ. ಚಕ್ರಗರಗಸ, ಹೆರೆಯುವ ಯಂತ್ರ, ಮರಳು ಕಾಗದದಿಂದ ಉಜ್ಜುವ ಯಂತ್ರ, ಕಡಸಲು ಯಂತ್ರ, ಇವು ದೊಡ್ಡ ಕಾರ್ಖಾನೆಗಳನ್ನು ಬಿಟ್ಟು ಮನೆಯ ಹಿತ್ತಿಲಿಗೂ ಬಂದಿವೆ. ಬಣ್ಣದ ಆಟಿಕೆಗಳಿಗೆ ಹೆಸರಾದ ಚನ್ನಪಟ್ಟಣದಲ್ಲಿ ಮನೆಗೆ ಅಂಟಿದ ಕೋಣೆಯೇ ಎಷ್ಟೋ ಕುಶಲಕರ್ಮಿಗಳ ಕಾರ್ಯಾಗಾರ. ಒಂದು ದಿನದ ಕೆಲಸವನ್ನು ಯಂತ್ರವು ಒಂದು ಗಂಟೆಯಲ್ಲಿ ಮಾಡುತ್ತದೆ ಎಂಬುದು ನಿಜ. ಆದರೆ ಕೈಯಾಯುಧವು ಮಾಡದಿದ್ದ ಇನ್ನೊಂದು ಕೆಲಸವನ್ನೂ ಅದು ಮಾಡುತ್ತದೆ. ಅದು ಮರವನ್ನು ಕಣ್ಣಿಗೆ ಕಾಣದಷ್ಟು ನುಣ್ಣಗೆ ಪುಡಿಮಾಡಿ ಗಾಳಿಗೆ ತೂರುತ್ತದೆ. ಆ ಗಾಳಿಯನ್ನೇ ಬಡಗಿಯೂ ಅವನ ಮನೆಯವರೂ ಉಸಿರಾಡುತ್ತಾರೆ.

‘ಮರವೇನು ವಿಷವೆ?’ ಎಂದು ಕೇಳುವವರುಂಟು. ಮರವು ಪ್ರಕೃತಿಯ ಕೊಡುಗೆ; ಅದರ ಧೂಳಿನಿಂದ ಬಹಳವೆಂದರೆ ನಾಲ್ಕು ಸೀನು ಬಂದೀತು ಎಂದು ಜನರು ಬಹುಕಾಲ ನಂಬಿದ್ದರು. ಈ ನಂಬಿಕೆ ತಪ್ಪೆಂಬುದು ತಿಳಿದ ಬಗೆಯೇ ಒಂದು ಪಾಠ. ಇಂಗ್ಲೆಂಡಿನಲ್ಲಿ ಹೈ ವಿಕಮ್ ಎಂಬ ಊರಿದೆ. ಮರದ ಕುರ್ಚಿಗಳ ತಯಾರಿಕೆಗೆ ಅದು ತಲೆತಲಾಂತರದಿಂದ ಪ್ರಸಿದ್ಧ. 1960ರ ದಶಕದಲ್ಲಿ ಅಲ್ಲಿನ ಕಿವಿ, ಮೂಗು, ಗಂಟಲಿನ ವೈದ್ಯೆ ಎಸ್ತರ್ ಹ್ಯಾಡ್‌ಫೀಲ್ಡ್ ಅವರು ಒಂದು ವಿಚಿತ್ರವನ್ನು ಗಮನಿಸಿದರು. ಮೂಗಿನ ಒಳಭಾಗದಲ್ಲಿ ಬರುವ ಒಂದು ಬಗೆಯ ಕ್ಯಾನ್ಸರ್ ಬಹಳ ಅಪರೂಪದ ರೋಗ. ಆದರೆ ಅದು ಆ ಊರಿನ ಪೀಠೋಪಕರಣದ ಕೆಲಸಗಾರರಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಅವರು ಡೊನಾಲ್ಡ್ ಅಚೆಸನ್ ಮೊದಲಾದ ವೈದ್ಯರೊಡನೆ ಸೇರಿ ರೋಗಿಗಳ ಕಸುಬನ್ನು ವಿಚಾರಿಸಿದರು. 1968ರಲ್ಲಿ ಈ ಅಧ್ಯಯನದ ಫಲ ಪ್ರಕಟವಾಯಿತು. ಮರದ ಧೂಳಿನಲ್ಲಿ ಕೆಲಸ ಮಾಡಿದವರಿಗೆ ಈ ರೋಗದ ಅಪಾಯ ಇತರರಿಗಿಂತ ಎಷ್ಟೋ ಪಟ್ಟು ಹೆಚ್ಚೆಂಬುದು ಅದರಿಂದ ಸ್ಪಷ್ಟವಾಯಿತು. ರೋಗವು ಕಾಣಿಸಿಕೊಳ್ಳುತ್ತಿದ್ದುದು ಕೆಲಸಕ್ಕೆ ಸೇರಿದ ಹಲವು ದಶಕಗಳ ಮೇಲೆ. ಇಂದು ಉಸಿರಾಡಿದ ಧೂಳು ತನ್ನ ಲೆಕ್ಕವನ್ನು ಬಹು ತಡವಾಗಿ ಒಪ್ಪಿಸುತ್ತದೆ.

ವೈದ್ಯನು ರೋಗಿಯನ್ನು ‘ನಿನ್ನ ಕಸುಬು ಯಾವುದು?’ ಎಂದು ತಪ್ಪದೆ ಕೇಳಬೇಕೆಂದು ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಝೀನಿ 1700ರಲ್ಲಿಯೇ ಬರೆದಿದ್ದನು. ಆ ಪ್ರಶ್ನೆಯ ಬೆಲೆ ಹೈ ವಿಕಮ್‌ನಲ್ಲಿ ಮತ್ತೊಮ್ಮೆ ತಿಳಿದುಬಂದಿತು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಧೂಳನ್ನು ಮಾನವನಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಕ್ಯಾನ್ಸರ್ ಒಂದೇ ಅಲ್ಲ. ಉಬ್ಬಸ, ಕೆಮ್ಮು, ಕಣ್ಣುರಿ, ಚರ್ಮದ ತುರಿಕೆ ಇವೂ ಧೂಳಿನ ಫಲಗಳೇ. ನಮ್ಮ ನಾಡಿನ ಬೀಟೆ, ತೇಗಗಳ ಮೈಯಲ್ಲಿ ಹುಳುಹುಪ್ಪಟೆಗಳಿಂದ ಮರವನ್ನು ಕಾಯುವ ರಾಸಾಯನಿಕ ವಸ್ತುಗಳಿವೆ. ಅವು ಕೆಲವರ ಚರ್ಮವನ್ನು ಕೆರಳಿಸುತ್ತವೆ. ನಾರುಹಲಗೆಯಂತಹ ಕೃತಕ ಹಲಗೆಗಳಲ್ಲಿ ಮರದ ನಾರಿನೊಡನೆ ಫಾರ್ಮಾಲ್ಡಿಹೈಡಿನಿಂದ ಮಾಡಿದ ಅಂಟೂ ಸೇರಿರುತ್ತದೆ. ಅದರ ಧೂಳಂತೂ ಅತಿ ನುಣುಪು.

ಧೂಳಿನ ಗುಣವನ್ನು ತಿಳಿಯಬೇಕಾದರೆ ಅದರ ಗಾತ್ರವನ್ನು ತಿಳಿಯಬೇಕು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ 50ರಿಂದ 100 ಮೈಕ್ರಾನ್. ಕೂದಲಿನಷ್ಟು ದಪ್ಪದ ಕಣ ಕಣ್ಣಿಗೆ ಕಾಣುತ್ತದೆ. 10 ಮೈಕ್ರಾನಿನ ಕಣ ಬಿಡಿಯಾಗಿ ಕಾಣುವುದಿಲ್ಲ. ದೊಡ್ಡ ಕಣಗಳು ಮೂಗಿನಲ್ಲಿಯೇ ಸಿಕ್ಕಿಕೊಳ್ಳುತ್ತವೆ. 10 ಮೈಕ್ರಾನಿಗಿಂತ ಚಿಕ್ಕವು ಶ್ವಾಸನಾಳಗಳನ್ನು ಹೊಗುತ್ತವೆ. ನಾಲ್ಕೈದು ಮೈಕ್ರಾನಿಗಿಂತ ಚಿಕ್ಕವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೂ ಇಳಿಯುತ್ತವೆ.

ಕಣಗಳು ನೆಲಕ್ಕಿಳಿಯುವ ಹೊತ್ತನ್ನು ನೋಡಿದರೆ ಇನ್ನೂ ಆಶ್ಚರ್ಯವಾಗುತ್ತದೆ. ನಿಂತ ಮನುಷ್ಯನ ಮೂಗಿನ ಎತ್ತರ ಸುಮಾರು ಒಂದೂವರೆ ಮೀಟರು ಎನ್ನೋಣ. ಅಲುಗದ ಗಾಳಿಯಲ್ಲಿ ಅಷ್ಟು ಎತ್ತರದಿಂದ ನೆಲಕ್ಕೆ ಬೀಳಲು 100 ಮೈಕ್ರಾನಿನ ಕಣಕ್ಕೆ ಐದಾರು ಸೆಕೆಂಡು ಸಾಕು. 10 ಮೈಕ್ರಾನಿನ ಕಣಕ್ಕೆ ಸುಮಾರು 8 ನಿಮಿಷ ಬೇಕು. ಒಂದು ಮೈಕ್ರಾನಿನ ಕಣಕ್ಕೋ, ಸುಮಾರು 12 ಗಂಟೆ! ಬೆಳಗ್ಗೆ ಗರಗಸ ನಿಲ್ಲಿಸಿ ಕೋಣೆ ಶುದ್ಧವಾಯಿತೆಂದು ತಿಳಿದವನು ಸಂಜೆಯವರೆಗೂ ಬೆಳಗಿನ ಧೂಳನ್ನೇ ಉಸಿರಾಡುತ್ತಿರಬಹುದು. ನೆಲದ ಮೇಲೆ ಕಾಣುವ ಹೊಟ್ಟು ಕಸ ಮಾತ್ರ. ಅಪಾಯವು ಕಾಣದೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಒಣ ಪೊರಕೆಯಿಂದ ಗುಡಿಸಿದರೆ ನೆಲಕ್ಕಿಳಿದ ನುಣ್ಣನೆಯ ಧೂಳೂ ಮತ್ತೆ ಮೇಲೇಳುತ್ತದೆ.

ಎಷ್ಟು ಧೂಳು ಅಪಾಯಕರ? ಯುರೋಪಿನ ಒಕ್ಕೂಟವು ಗಟ್ಟಿಮರದ ಧೂಳಿಗೆ 2023ರಿಂದ ಒಂದು ಮಿತಿಯನ್ನು ಜಾರಿಗೆ ತಂದಿತು. ಕೆಲಸದ ವೇಳೆಯಲ್ಲಿ ಒಂದು ಘನ ಮೀಟರು ಗಾಳಿಯಲ್ಲಿ ಅದು ಸರಾಸರಿ 2 ಮಿಲಿಗ್ರಾಮನ್ನು ಮೀರಬಾರದು. 6 ಮೀಟರು ಉದ್ದ, 4 ಮೀಟರು ಅಗಲ, 3 ಮೀಟರು ಎತ್ತರದ ಕೋಣೆಯನ್ನು ತೆಗೆದುಕೊಳ್ಳೋಣ. ಅದರಲ್ಲಿ 72 ಘನ ಮೀಟರು ಗಾಳಿ ಇದೆ. ಮಿತಿಯ ಪ್ರಕಾರ ಇಡೀ ಕೋಣೆಯ ಗಾಳಿಯಲ್ಲಿ ಇರಬಹುದಾದ ಧೂಳು 144 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಏಳನೆಯ ಒಂದು ಭಾಗ. ಸಾರಿಗೆ ಹಾಕುವ ಒಂದು ಚಿಟಿಕೆ ಉಪ್ಪೂ ಇದಕ್ಕಿಂತ ಭಾರ. ಯಂತ್ರಗಳಾದರೋ ದಿನವೊಂದಕ್ಕೆ ಮೂಟೆಗಟ್ಟಲೆ ಹೊಟ್ಟನ್ನು ಕಾರುತ್ತವೆ. ಆ ಮೂಟೆಯಿಂದ ಒಂದು ಚಿಟಿಕೆ ತಪ್ಪಿಸಿಕೊಂಡರೂ ಕೋಣೆಯ ಗಾಳಿ ಕೆಡುತ್ತದೆ. ಆದುದರಿಂದ ಧೂಳು ಗಾಳಿಯಲ್ಲಿ ಹರಡಿದ ಮೇಲೆ ಅದನ್ನು ಅಟ್ಟಿಸಿಕೊಂಡು ಹೋಗುವುದು ವ್ಯರ್ಥ. ಅದು ಹುಟ್ಟಿದ ಸ್ಥಳದಲ್ಲಿಯೇ ಹಿಡಿಯಬೇಕು.

ಇದಕ್ಕಾಗಿ ಮಾಡಿದ ವ್ಯವಸ್ಥೆಗೆ ಧೂಳುಸಂಗ್ರಾಹಕ ಎನ್ನುತ್ತಾರೆ. ಇದರಲ್ಲಿ ಐದು ಅಂಗಗಳಿವೆ. ಧೂಳು ಹುಟ್ಟುವ ಜಾಗವನ್ನು ಮುಚ್ಚುವ ಮುಸುಕು, ಧೂಳನ್ನು ಒಯ್ಯುವ ಕೊಳವೆ, ಗಾಳಿಯನ್ನು ಎಳೆಯುವ ಪಂಖ, ದಪ್ಪ ಹೊಟ್ಟನ್ನು ಬೇರ್ಪಡಿಸುವ ಪಾತ್ರೆ, ನುಣ್ಣನೆಯ ಧೂಳನ್ನು ತಡೆಯುವ ಸೋಸುಬಟ್ಟೆ. ಸರಪಳಿಯ ಬಲ ಅದರ ದುರ್ಬಲ ಕೊಂಡಿಯಷ್ಟೇ. ಹೆಚ್ಚು ಬೆಲೆಯ ಪಂಖವನ್ನು ಕೊಂಡು ಮುಸುಕನ್ನು ಅಲಕ್ಷಿಸಿದರೆ ಹಣವೂ ಹೋಯಿತು, ಆರೋಗ್ಯವೂ ಹೋಯಿತು. ಒಂದೊಂದು ಅಂಗವನ್ನೂ ಕ್ರಮವಾಗಿ ನೋಡೋಣ.

ಮೊದಲು ಮುಸುಕು. ಇದರ ಮಹತ್ತ್ವವನ್ನು ಒಂದು ಚಿಕ್ಕ ಪ್ರಯೋಗದಿಂದ ತಿಳಿಯಬಹುದು. ಒಂದು ಮೊಳ ದೂರದಲ್ಲಿ ಹಣತೆಯನ್ನು ಹಚ್ಚಿಡಿರಿ. ಬಾಯಿಂದ ಊದಿದರೆ ಅದು ಆರುತ್ತದೆ. ಅದೇ ದೂರದಿಂದ ಎಷ್ಟೇ ಬಲವಾಗಿ ಗಾಳಿಯನ್ನು ಒಳಕ್ಕೆ ಎಳೆದರೂ ಉರಿ ಅಲುಗುವುದಿಲ್ಲ. ಕಾರಣವೇನು? ಊದಿದ ಗಾಳಿ ಒಂದೇ ದಿಕ್ಕಿನಲ್ಲಿ ಧಾರೆಯಾಗಿ ಹರಿಯುತ್ತದೆ. ಎಳೆದಾಗಲಾದರೋ ಗಾಳಿಯು ಎಲ್ಲ ದಿಕ್ಕುಗಳಿಂದಲೂ ಬಾಯಿಯ ಕಡೆಗೆ ಬರುತ್ತದೆ. ಆದುದರಿಂದ ದೂರ ಹೋದಂತೆ ಅದರ ವೇಗ ಬೇಗನೆ ಕುಗ್ಗುತ್ತದೆ. ಎಳೆಯುವ ಕೊಳವೆಯ ಬಾಯಿಂದ ಅದರ ವ್ಯಾಸದಷ್ಟು ದೂರ ಹೋಗುವುದರೊಳಗೆ ವೇಗದ ಹತ್ತನೆಯ ಒಂದು ಭಾಗವೂ ಉಳಿಯುವುದಿಲ್ಲ. ಅಲ್ಲಿಂದಾಚೆಗೆ ದೂರ ಎರಡರಷ್ಟಾದರೆ ವೇಗ ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಇನ್ನು ಗರಗಸದ ಕಡೆ ನೋಡೋಣ. 250 ಮಿಲಿಮೀಟರು ವ್ಯಾಸದ ಚಕ್ರಗರಗಸವು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ಹಲ್ಲುಗಳ ವೇಗ ಸೆಕೆಂಡಿಗೆ 39 ಮೀಟರು, ಅಂದರೆ ಗಂಟೆಗೆ 140 ಕಿಲೋಮೀಟರು! ಆ ವೇಗದಲ್ಲಿ ಚಿಮ್ಮುವ ಹೊಟ್ಟನ್ನು ಒಂದು ಗೇಣು ದೂರದಲ್ಲಿಟ್ಟ ಕೊಳವೆ ಎಳೆದುಕೊಳ್ಳಲಾರದು. ಆದುದರಿಂದ ಧೂಳು ಯಾವ ದಿಕ್ಕಿಗೆ ಚಿಮ್ಮುವುದೋ ಆ ದಾರಿಯಲ್ಲಿಯೇ ಮುಸುಕನ್ನು ನಿಲ್ಲಿಸಬೇಕು. ಸಾಧ್ಯವಾದಷ್ಟು ಸುತ್ತಲೂ ಮುಚ್ಚಬೇಕು. ಮೇಜಿನ ಮೇಲೆ ಗರಗಸದ ಚಕ್ರ ತೋರುವ ಯಂತ್ರಗಳಲ್ಲಿ ಮೇಜಿನ ಅಡಿಯಿಂದ ಎಳೆದರೆ ಮಾತ್ರ ಸಾಲದು; ಮೇಲೆ ಚಿಮ್ಮುವ ಧೂಳಿಗೆ ಚಕ್ರದ ಮೇಲಿನ ರಕ್ಷಾಕವಚದಿಂದಲೂ ಒಂದು ಕೊಳವೆ ಬೇಕು. ಮುಸುಕು ಸರಿಯಾಗಿದ್ದರೆ ಚಿಕ್ಕ ಪಂಖವೂ ದೊಡ್ಡ ಕೆಲಸ ಮಾಡುತ್ತದೆ.

ಎಲ್ಲ ಯಂತ್ರಗಳ ಸ್ವಭಾವವೂ ಒಂದೇ ಅಲ್ಲ. ಹೆರೆಯುವ ಯಂತ್ರವು ರಾಶಿ ರಾಶಿ ಚಕ್ಕೆಯನ್ನು ಉಗುಳುತ್ತದೆ. ಅದರಲ್ಲಿ ನುಣ್ಣನೆಯ ಧೂಳು ಕಡಮೆ. ಅದಕ್ಕೆ ಅಗಲವಾದ ಕೊಳವೆಯೂ ದೊಡ್ಡ ಪಾತ್ರೆಯೂ ಬೇಕು. ಉಜ್ಜುವ ಯಂತ್ರವು ಹೊರಡಿಸುವ ಧೂಳಿನ ತೂಕ ಅಲ್ಪ. ಆದರೆ ಅದು ಬಹುಪಾಲು ನುಣ್ಣನೆಯದು, ಆದುದರಿಂದ ಹೆಚ್ಚು ಅಪಾಯಕರ. ಅದಕ್ಕೆ ಉತ್ತಮವಾದ ಸೋಸುಬಟ್ಟೆ ಬೇಕು. ಕಡಸಲು ಯಂತ್ರದಲ್ಲಿ ಹರಿತವಾದ ಉಳಿಯಿಂದ ಕಡೆಯುವಾಗ ಸಿಪ್ಪೆಗಳು ಎಲ್ಲ ಕಡೆಗೂ ಹಾರುತ್ತವೆ. ಅವನ್ನು ಎಳೆಯಲು ಹೋಗುವುದು ವ್ಯರ್ಥ. ಆಮೇಲೆ ಗುಡ್ಡೆ ಮಾಡಿ ಎತ್ತಿದರಾಯಿತು. ಆದರೆ ಅದೇ ಯಂತ್ರದಲ್ಲಿ ಬೊಂಬೆಯನ್ನು ಮರಳು ಕಾಗದದಿಂದ ನುಣುಪು ಮಾಡುವ ಹೊತ್ತಿನಲ್ಲಿ ಮುಸುಕನ್ನು ಮರದ ಹತ್ತಿರಕ್ಕೆ ಸರಿಸಲೇಬೇಕು. ಹೊಟ್ಟಿನ ರಾಶಿಯನ್ನು ನೋಡಿ ಅಪಾಯವನ್ನು ಅಳೆಯಬಾರದೆಂಬುದು ಇದರಿಂದ ತಿಳಿಯುತ್ತದೆ.

ಎರಡನೆಯದು ಕೊಳವೆ. ಹೊಟ್ಟು ನಡುದಾರಿಯಲ್ಲಿ ಬಿದ್ದುಹೋಗದೆ ಸಾಗಬೇಕಾದರೆ ಕೊಳವೆಯೊಳಗಿನ ಗಾಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರು ಇರಬೇಕು. ಗಾಳಿಯ ಪ್ರಮಾಣವೆಂದರೆ ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣವನ್ನು ವೇಗದಿಂದ ಗುಣಿಸಿದ ಲಬ್ಧ. 100 ಮಿಲಿಮೀಟರು ವ್ಯಾಸದ ಕೊಳವೆಯಲ್ಲಿ ಈ ವೇಗಕ್ಕೆ ಗಂಟೆಗೆ ಸುಮಾರು 565 ಘನ ಮೀಟರು ಗಾಳಿ ಹರಿಯುತ್ತದೆ. 150 ಮಿಲಿಮೀಟರಿನ ಕೊಳವೆಯಲ್ಲಿ 1,270 ಘನ ಮೀಟರು ಹರಿಯುತ್ತದೆ. ವ್ಯಾಸವು ಒಂದೂವರೆ ಪಟ್ಟು ಆದರೆ ವಿಸ್ತೀರ್ಣವು ಎರಡೂಕಾಲು ಪಟ್ಟು ಆಗುವುದೆಂಬುದನ್ನು ನೀವು ಗಣಿತದಲ್ಲಿ ಕಲಿತಿದ್ದೀರಿ. ಚಿಕ್ಕ ಪಟ್ಟಿಗರಗಸಕ್ಕೆ ಮೊದಲಿನದು ಸಾಕಾದೀತು. ದೊಡ್ಡ ಚಕ್ರಗರಗಸಕ್ಕೂ ಹೆರೆಯುವ ಯಂತ್ರಕ್ಕೂ ಎರಡನೆಯದೇ ಲೇಸು.

ಅಷ್ಟೇ ಗಾಳಿಯನ್ನು ಕಿರಿದಾದ ಕೊಳವೆಯಲ್ಲಿ ತುರುಕಬಾರದೆ? ತುರುಕಿದರೆ ಘರ್ಷಣೆ ವಿಪರೀತವಾಗುತ್ತದೆ. 150 ಮಿಲಿಮೀಟರಿನ ಕೊಳವೆಯಲ್ಲಿ ಹರಿಯುವ ಗಾಳಿಯನ್ನು 100 ಮಿಲಿಮೀಟರಿನದರಲ್ಲಿ ಹರಿಸಿದರೆ ತಡೆಯು ಏಳು ಪಟ್ಟಿಗೂ ಮಿಗಿಲಾಗುತ್ತದೆ. ಹಾಗೆಂದು ಚಿಕ್ಕ ಪಂಖಕ್ಕೆ ಅತಿ ಅಗಲವಾದ ಕೊಳವೆಯನ್ನು ಜೋಡಿಸುವುದೂ ಸರಿಯಲ್ಲ. ನದಿಯು ಬಯಲಿಗಿಳಿದು ಅಗಲವಾದಾಗ ವೇಗ ತಗ್ಗಿ ಹೂಳು ತುಂಬುವಂತೆ, ಅಂತಹ ಕೊಳವೆಯಲ್ಲಿ ಹೊಟ್ಟು ಕಟ್ಟಿಕೊಳ್ಳುತ್ತದೆ. ಕೊಳವೆ ನೇರವಾಗಿರಲಿ, ಗಿಡ್ಡವಾಗಿರಲಿ, ಒಳಮೈ ನುಣುಪಾಗಿರಲಿ. ಒಂದೊಂದು ಮೊಣಕೈ ತಿರುವೂ ಒಂದೆರಡು ಮೀಟರು ಹೆಚ್ಚಿನ ಕೊಳವೆಗೆ ಸಮ. ಸುರುಳಿ ಕಟ್ಟಿದ ಬಾಗುವ ಕೊಳವೆಯ ಒಳಮೈ ಏರುತಗ್ಗಾಗಿರುವುದರಿಂದ ಅದರ ತಡೆ ಇನ್ನೂ ಹೆಚ್ಚು. ಅದನ್ನು ಅಗತ್ಯವಿರುವಷ್ಟೇ ಬಳಸಬೇಕು. ಹಲವು ಯಂತ್ರಗಳಿಗೆ ಒಂದೇ ಪಂಖವಿದ್ದರೆ ಪ್ರತಿಯೊಂದು ಕವಲಿಗೂ ಒಂದು ತಡೆಬಾಗಿಲಿರಲಿ. ಕೆಲಸ ನಡೆಯುವ ಯಂತ್ರದ ಬಾಗಿಲು ಮಾತ್ರ ತೆರೆದಿರಲಿ.

ಮೂರನೆಯದು ಪಂಖ. ಇದನ್ನು ಕೊಳ್ಳುವಾಗಲೇ ಜನರು ಹೆಚ್ಚಾಗಿ ಮೋಸಹೋಗುವುದು. ಪಂಖಕ್ಕೆ ಎರಡು ಗುಣಗಳುಂಟು: ಎಷ್ಟು ಗಾಳಿಯನ್ನು ಸಾಗಿಸುತ್ತದೆ ಎಂಬುದೊಂದು, ಎಷ್ಟು ತಡೆಯನ್ನು ಮೀರಿ ಎಳೆಯುತ್ತದೆ ಎಂಬುದಿನ್ನೊಂದು. ಎರಡನೆಯದನ್ನು ನೀರಿನ ಸ್ತಂಭದ ಎತ್ತರದಿಂದ ಅಳೆಯುತ್ತಾರೆ. 20 ಸೆಂಟಿಮೀಟರು ಎತ್ತರದ ಕೊಳವೆಯಿಂದ ಎಳನೀರನ್ನು ಹೀರಿದರೆ ನಮ್ಮ ಬಾಯಿ ಸುಮಾರು 200 ಮಿಲಿಮೀಟರು ನೀರಿನಷ್ಟು ಎಳೆತವನ್ನು ಉಂಟುಮಾಡಿದಂತಾಯಿತು. ಕಾರ್ಯಾಗಾರದ ಧೂಳುಸಂಗ್ರಾಹಕಕ್ಕೆ ಬೇಕಾದುದು ಹೆಚ್ಚುಕಡಮೆ ಇಷ್ಟೇ ಎಳೆತ. ಆದರೆ ಗಾಳಿ ಮಾತ್ರ ಬಹಳ ಬೇಕು. ಮನೆ ಗುಡಿಸುವ ನಿರ್ವಾತಯಂತ್ರ ಇದಕ್ಕೆ ತಿರುಗುಮುರುಗು. ಅದರ ಎಳೆತ ಹತ್ತು ಪಟ್ಟು ಹೆಚ್ಚು; ಅದು ಸಾಗಿಸುವ ಗಾಳಿಯೋ ಗಂಟೆಗೆ ಸುಮಾರು 200 ಘನ ಮೀಟರಿನ ಆಸುಪಾಸು. ಕೈಯಲ್ಲಿ ಹಿಡಿದು ಉಜ್ಜುವ ಚಿಕ್ಕ ಯಂತ್ರದ ಕಿರಿದಾದ ಬಾಯಿಗೆ ಅದು ತಕ್ಕ ಜೊತೆ. ಹೆರೆಯುವ ಯಂತ್ರಕ್ಕೆ ಅದನ್ನು ಜೋಡಿಸಿದರೆ ಕೆರೆಯನ್ನು ಚಮಚದಿಂದ ಬರಿದುಮಾಡಲು ಹೊರಟಂತೆ.

ಮೋಟಾರಿನ ಬಲವನ್ನು ನಾವೇ ಲೆಕ್ಕ ಹಾಕಬಹುದು. ಗಂಟೆಗೆ 1,270 ಘನ ಮೀಟರೆಂದರೆ ಸೆಕೆಂಡಿಗೆ ಸುಮಾರು 0.35 ಘನ ಮೀಟರು. 200 ಮಿಲಿಮೀಟರು ನೀರಿನ ಎಳೆತವು ಸುಮಾರು 2,000 ಪ್ಯಾಸ್ಕಲ್ ಒತ್ತಡಕ್ಕೆ ಸಮ. ಇವೆರಡನ್ನು ಗುಣಿಸಿದರೆ 700 ವಾಟ್ ಬರುತ್ತದೆ. ಪಂಖವು ತಾನು ಪಡೆದ ಶಕ್ತಿಯಲ್ಲಿ ಅರ್ಧವನ್ನು ಮಾತ್ರ ಗಾಳಿಗೆ ಕೊಡುತ್ತದೆ ಎಂದುಕೊಂಡರೆ 1,400 ವಾಟ್, ಅಂದರೆ ಸುಮಾರು ಎರಡು ಅಶ್ವಶಕ್ತಿಯ ಮೋಟಾರು ಬೇಕು. 100 ಮಿಲಿಮೀಟರಿನ ಕೊಳವೆಗೆ ಒಂದು ಅಶ್ವಶಕ್ತಿ ಸಾಕು. ಅರ್ಧ ಅಶ್ವಶಕ್ತಿಯ ಮೋಟಾರಿನಿಂದ ಎರಡು ಸಾವಿರ ಘನ ಮೀಟರು ಗಾಳಿಯನ್ನು ಎಳೆಯುವುದಾಗಿ ಯಾರಾದರೂ ಹೇಳಿದರೆ ಅದನ್ನು ನಂಬಬೇಕಾಗಿಲ್ಲ. ಯಂತ್ರದ ಮೇಲೆ ಅಚ್ಚಾದ ಅಂಕಿಯು ಸಾಮಾನ್ಯವಾಗಿ ಕೊಳವೆಯನ್ನೂ ಸೋಸುಬಟ್ಟೆಯನ್ನೂ ಜೋಡಿಸದೆ ಅಳೆದದ್ದು. ಇಳಿಜಾರಿನಲ್ಲಿ ಬರಿಗಾಡಿ ಓಡಿದ ವೇಗವನ್ನು ನೋಡಿ ಹೇರುಗಾಡಿಯ ವೇಗವನ್ನು ನಿರ್ಧರಿಸಬಹುದೆ? ಕೊಳ್ಳುವವನು ‘ಇಷ್ಟು ತಡೆಯಲ್ಲಿ ಎಷ್ಟು ಗಾಳಿ?’ ಎಂದು ಕೇಳಬೇಕು. ಒಳ್ಳೆಯ ತಯಾರಕರು ಇದನ್ನು ತೋರಿಸುವ ರೇಖಾಚಿತ್ರವನ್ನು ಒದಗಿಸುತ್ತಾರೆ.

ನಾಲ್ಕನೆಯದು ಬೇರ್ಪಡಿಸುವ ಪಾತ್ರೆ. ನಮ್ಮ ರೈತರು ಕಣದಲ್ಲಿ ರಾಶಿಯನ್ನು ತೂರುವುದನ್ನು ನೀವು ನೋಡಿರಬಹುದು. ಭಾರವಾದ ಕಾಳು ಕೆಳಗೆ ಬೀಳುತ್ತದೆ; ಹಗುರವಾದ ಹೊಟ್ಟು ಗಾಳಿಯೊಡನೆ ಹೋಗುತ್ತದೆ. ಇದೇ ತತ್ತ್ವವನ್ನು ಸುಳಿಗಾಳಿಗೆ ಅಳವಡಿಸಿದರೆ ಸೈಕ್ಲೋನ್ ಎಂಬ ಪಾತ್ರೆಯಾಗುತ್ತದೆ. ಇದು ಕೊಳವೆಯಾಕಾರದ ಡಬ್ಬಿ. ಕೆಳಭಾಗ ಲಾಳಿಕೆಯಂತೆ ಕಿರಿದಾಗುತ್ತದೆ. ಧೂಳುಗಾಳಿಯು ಪಕ್ಕದಿಂದ ಓರೆಯಾಗಿ ನುಗ್ಗಿ ಒಳಗೋಡೆಯುದ್ದಕ್ಕೂ ಸುತ್ತುತ್ತದೆ. ಬಿಟ್ಟ ಕವಣೆಯ ಕಲ್ಲು ಹೊರಕ್ಕೆ ಹಾರುವಂತೆ ಭಾರದ ಕಣಗಳು ಗೋಡೆಗೆ ಬಡಿದು, ಜಾರಿ, ಅಡಿಯ ಪೀಪಾಯಿಗೆ ಬೀಳುತ್ತವೆ. ಹಗುರವಾದ ಗಾಳಿಯು ನಡುವಿನ ಕೊಳವೆಯಿಂದ ಮೇಲೇರಿ ಹೊರಡುತ್ತದೆ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಜೇಮ್ಸ್ ಡೈಸನ್ ಮರ ಕೊಯ್ಯುವ ಕಾರ್ಖಾನೆಯೊಂದರ ಮೇಲಿದ್ದ ಇಂತಹ ಸೈಕ್ಲೋನನ್ನು ನೋಡಿದನು. ಇದೇ ಉಪಾಯದಿಂದ ಚೀಲವಿಲ್ಲದ ನಿರ್ವಾತಯಂತ್ರವನ್ನು ಮಾಡಬಹುದೆಂದು ಅವನಿಗೆ ಹೊಳೆಯಿತು. 5,127 ಮಾದರಿಗಳನ್ನು ಮಾಡಿದ ಮೇಲೆ ಅವನ ಪ್ರಯತ್ನ ಫಲಿಸಿತೆಂದು ಹೇಳುತ್ತಾರೆ. ಕಾರ್ಯಾಗಾರದಲ್ಲಿ ಸೈಕ್ಲೋನು ಹೊಟ್ಟಿನ ಬಹುಭಾಗವನ್ನು ಮೊದಲೇ ಇಳಿಸಿಕೊಳ್ಳುವುದರಿಂದ ಸೋಸುಬಟ್ಟೆ ಬೇಗ ಕಟ್ಟಿಕೊಳ್ಳುವುದಿಲ್ಲ, ಎಳೆತವೂ ತಗ್ಗುವುದಿಲ್ಲ.

ಐದನೆಯದು ಸೋಸುಬಟ್ಟೆ. ಇದು ಕೊನೆಯ ಕಾವಲುಗಾರ. ಅಗ್ಗದ ಯಂತ್ರಗಳ ಬಟ್ಟೆಚೀಲವು 30 ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ತಡೆದು ಚಿಕ್ಕವನ್ನು ಬಿಟ್ಟುಬಿಡುತ್ತದೆ. ಹಾಗಾದಾಗ ನೆಲ ಶುದ್ಧವಾಗಿ ಕಾಣುತ್ತದೆ. ಆದರೆ ನಿಜವಾಗಿ ಹಾನಿಮಾಡುವ ಧೂಳನ್ನು ಯಂತ್ರವೇ ಕೋಣೆಯ ತುಂಬ ಮತ್ತೆ ಮತ್ತೆ ಹರಡುತ್ತಿರುತ್ತದೆ. ಇಂತಹ ಸಂಗ್ರಾಹಕವು ಇಲ್ಲದಿರುವುದಕ್ಕಿಂತಲೂ ಕೇಡು. ಏಕೆಂದರೆ ಅದು ಸುಳ್ಳು ಧೈರ್ಯವನ್ನು ಕೊಡುತ್ತದೆ. ಒಂದು ಮೈಕ್ರಾನಿನ ಕಣಗಳನ್ನೂ ತಡೆಯಬಲ್ಲ ಸೋಸುಬಟ್ಟೆಯನ್ನೇ ಆರಿಸಬೇಕು. ಅದರ ವಿಸ್ತೀರ್ಣವೂ ಸಾಕಷ್ಟಿರಬೇಕು. ಗಾಳಿಯು ಬಟ್ಟೆಯನ್ನು ಸೆಕೆಂಡಿಗೆ 5 ಸೆಂಟಿಮೀಟರಿನ ಮೆಲ್ಲನೆಯ ನಡಗೆಯಲ್ಲಿ ದಾಟಬೇಕೆಂದರೆ 0.35 ಘನ ಮೀಟರು ಗಾಳಿಗೆ 7 ಚದರ ಮೀಟರು ಬಟ್ಟೆ ಬೇಕು. ಅಷ್ಟು ಬಟ್ಟೆಯನ್ನು ಸೀರೆಯ ನೆರಿಗೆಯಂತೆ ಮಡಿಸಿ ಒಂದು ಡಬ್ಬಿಯೊಳಗೆ ಅಡಕಮಾಡಿರುತ್ತಾರೆ.

ಸೋಸುವ ತೊಡಕೇ ಬೇಡವೆಂದರೆ ಗಾಳಿಯನ್ನು ಸೈಕ್ಲೋನಿನ ಮೂಲಕ ಹಾಯಿಸಿ ಹೊರಕ್ಕೆ ಬಿಡಬಹುದು. ಚಳಿದೇಶಗಳಲ್ಲಿ ಹೀಗೆ ಮಾಡಿದರೆ ಬೆಚ್ಚಗೆ ಮಾಡಿದ ಗಾಳಿ ವ್ಯರ್ಥವಾಗುತ್ತದೆ. ನಮ್ಮ ನಾಡಿನಲ್ಲಿ ಆ ಚಿಂತೆಯಿಲ್ಲ. ಗಂಟೆಗೆ 1,270 ಘನ ಮೀಟರು ಹೊರಹೋದರೆ ನಾವು ಮೊದಲು ಹೇಳಿದ ಕೋಣೆಗೆ ಮೂರೂವರೆ ನಿಮಿಷಕ್ಕೊಮ್ಮೆ ಹೊಸ ಗಾಳಿ ತುಂಬಿದಂತಾಗುತ್ತದೆ. ಆದರೆ ಎರಡು ಎಚ್ಚರಿಕೆಗಳು ಬೇಕು. ಹೊರಹೋಗುವಷ್ಟು ಗಾಳಿ ಒಳಬರಲು ಎದುರುಗಡೆಯ ಕಿಟಕಿ ತೆರೆದಿರಬೇಕು. ಹೊರಗಾಳಿಯ ಕೊಳವೆಯು ನೆರೆಮನೆಯ ಕಡೆಗೂ ನಮ್ಮ ಅಡುಗೆಮನೆಯ ಕಡೆಗೂ ಮುಖ ಮಾಡಿರಬಾರದು. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆಯುಂಟು. ತೂರಿದ್ದು ಯಾರ ಅಂಗಳಕ್ಕೆ ಬೀಳುತ್ತದೆ ಎಂಬುದನ್ನೂ ನೋಡಬೇಕು.

ಮರದ ಧೂಳಿಗೆ ಬೆಂಕಿಯ ಭಯವೂ ಉಂಟು. ಒಣಗಿದ ನುಣ್ಣನೆಯ ಧೂಳು ಗಾಳಿಯಲ್ಲಿ ದಟ್ಟವಾಗಿ ಬೆರೆತಾಗ ಒಂದು ಕಿಡಿ ಸಾಕು, ಸಿಡಿಮದ್ದಿನಂತೆ ಸ್ಫೋಟಿಸುತ್ತದೆ. 2012ರ ಜನವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಎರಡು ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಹೀಗೆಯೇ ಸ್ಫೋಟ ಸಂಭವಿಸಿತು. ಒಂದೊಂದರಲ್ಲಿಯೂ ಇಬ್ಬರು ಕಾರ್ಮಿಕರು ಸತ್ತರು. ಮನೆಯ ಕಾರ್ಯಾಗಾರದಲ್ಲಿ ಧೂಳು ಅಷ್ಟು ದಟ್ಟವಾಗುವುದು ವಿರಳ. ಆದರೆ ಮೊಳೆಗೆ ಗರಗಸ ತಾಗಿ ಎದ್ದ ಕಿಡಿಯು ಹೊಟ್ಟಿನ ಪೀಪಾಯಿಯೊಳಗೆ ಸೇರಿ ರಾತ್ರಿಯೆಲ್ಲ ಹೊಗೆಯಾಡಬಹುದು. ಆದುದರಿಂದ ಹಳೆಯ ಮರವನ್ನು ಕೊಯ್ಯುವ ಮೊದಲು ಮೊಳೆಗಳನ್ನು ಕೀಳಬೇಕು. ಪೀಪಾಯಿಯನ್ನು ದಿನವೂ ಬರಿದುಮಾಡಬೇಕು. ಕಬ್ಬಿಣ ಅರೆಯುವ ಸಾಣೆಯ ಕಿಡಿಗಳನ್ನು ಎಂದಿಗೂ ಇದೇ ಕೊಳವೆಗೆ ಎಳೆಯಬಾರದು.

ವ್ಯವಸ್ಥೆಯನ್ನು ಜೋಡಿಸಿದ ಮೇಲೆ ಅದು ಸಾಕೆ, ಸಾಲದೆ ಎಂದು ಪರೀಕ್ಷಿಸುವುದು ಹೇಗೆ? ಒಂದು ಕಡ್ಡಿಯ ತುದಿಗೆ ಹಗುರವಾದ ನೂಲೆಳೆಯನ್ನು ಕಟ್ಟಿ, ಯಂತ್ರವನ್ನು ನಿಲ್ಲಿಸಿ ಪಂಖವನ್ನು ಮಾತ್ರ ಓಡಿಸಿ, ಧೂಳು ಹುಟ್ಟುವ ಜಾಗದಲ್ಲಿ ಹಿಡಿದು ನೋಡಬೇಕು. ಎಳೆಯು ಮುಸುಕಿನ ಕಡೆಗೆ ಚಾಚಿ ನಿಂತರೆ ಗಾಳಿಯ ಎಳೆತ ಅಲ್ಲಿಗೆ ಮುಟ್ಟಿದೆ ಎಂದು ತಿಳಿಯಬಹುದು. ಜೋತುಬಿದ್ದರೆ ಮುಸುಕನ್ನು ಹತ್ತಿರಕ್ಕೆ ತರಬೇಕು. ಎರಡನೆಯ ಪರೀಕ್ಷೆ ಬೆಳಕಿನದು. ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ಮಿನುಗುವುದನ್ನು ಎಲ್ಲರೂ ಕಂಡಿದ್ದಾರೆ. ಜಾನ್ ಟಿಂಡಲ್ ಎಂಬ ವಿಜ್ಞಾನಿಯು ಇದೇ ಬೆಳಕಿನ ಚದರುವಿಕೆಯನ್ನು ಅಭ್ಯಸಿಸಿ, 1870ರಲ್ಲಿ ಧೂಳನ್ನೂ ರೋಗವನ್ನೂ ಕುರಿತು ಲಂಡನ್ನಿನಲ್ಲಿ ಉಪನ್ಯಾಸ ಮಾಡಿದನು. ಕತ್ತಲು ಮಾಡಿದ ಕೋಣೆಯಲ್ಲಿ ಟಾರ್ಚಿನ ಬೆಳಕನ್ನು ಯಂತ್ರದ ಮೇಲೆ ಹಾಯಿಸಿ, ಎದುರಿನಿಂದ ಸ್ವಲ್ಪ ಪಕ್ಕಕ್ಕೆ ಸರಿದು ನೋಡಿದರೆ, ಬರಿಗಣ್ಣಿಗೆ ಕಾಣದಿದ್ದ ಧೂಳಿನ ಮೋಡ ಕಣ್ಣಿಗೆ ಬೀಳುತ್ತದೆ. ಯಾವ ಸಂದಿಯಿಂದ ಅದು ತಪ್ಪಿಸಿಕೊಳ್ಳುತ್ತಿದೆ ಎಂಬುದೂ ತಿಳಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಸ್ವಲ್ಪ ಧೂಳು ಉಳಿದೇ ಉಳಿಯುತ್ತದೆ. ಅದಕ್ಕಾಗಿ ಮುಖಕ್ಕೆ ಒಪ್ಪಾಗಿ ಕೂರುವ ಎನ್-95 ಮುಖಗವಸನ್ನು ಧರಿಸಬೇಕು. ಮೂಗಿಗೆ ಸುತ್ತಿದ ವಸ್ತ್ರ ನುಣ್ಣನೆಯ ಧೂಳನ್ನು ತಡೆಯುವುದಿಲ್ಲ. ಗುಡಿಸುವ ಬದಲು ಒದ್ದೆಬಟ್ಟೆಯಿಂದ ಒರಸಬೇಕು. ಬಟ್ಟೆಯ ಮೇಲಿನ ಧೂಳನ್ನು ಗಾಳಿಯ ಪಿಚಕಾರಿಯಿಂದ ಊದಬಾರದು. ಕೆಲಸದ ಉಡುಪನ್ನು ಕಳಚಿಟ್ಟು ಮನೆಯೊಳಕ್ಕೆ ಹೋಗಬೇಕು. ಹಣ ಅಲ್ಪವಾಗಿದ್ದವನು ಏನನ್ನು ಮೊದಲು ಮಾಡಬೇಕು? ಮುಖಗವಸು, ತೆರೆದ ಕಿಟಕಿ, ಕೈಯಿಂದಲೇ ಮಾಡಬಹುದಾದ ತಗಡಿನ ಮುಸುಕು, ಇವು ಮೊದಲು. ಅತಿ ನುಣ್ಣನೆಯ ಧೂಳು ಹೊರಡಿಸುವ ಯಂತ್ರಕ್ಕೆ ಸಂಗ್ರಾಹಕ ಆಮೇಲೆ. ಉಳಿದವು ಕ್ರಮವಾಗಿ ಬರಲಿ.

ನಮ್ಮ ದೇಶದ 1948ರ ಕಾರ್ಖಾನೆಗಳ ಕಾಯಿದೆಯು ತನ್ನ 14ನೆಯ ವಿಭಾಗದಲ್ಲಿ, ಧೂಳನ್ನು ಅದು ಹುಟ್ಟಿದ ಜಾಗಕ್ಕೆ ಆದಷ್ಟು ಹತ್ತಿರದಲ್ಲಿಯೇ ಎಳೆದು ಹಾಕಬೇಕೆಂದು ವಿಧಿಸಿತ್ತು. ಆದರೆ ಇಂತಹ ಕಾನೂನುಗಳ ಕಣ್ಣು ಹೆಚ್ಚು ಜನ ದುಡಿಯುವ ಕಾರ್ಖಾನೆಗಳ ಮೇಲೆ. ಒಬ್ಬಿಬ್ಬರು ದುಡಿಯುವ ಮನೆಯ ಹಜಾರಕ್ಕೆ ಯಾವ ತನಿಖಾಧಿಕಾರಿಯೂ ಬರುವುದಿಲ್ಲ. ಅಲ್ಲಿ ಯಜಮಾನನೂ ಕೆಲಸಗಾರನೂ ಒಬ್ಬನೇ. ತಿಳಿವಳಿಕೆಯೇ ಅವನ ತನಿಖಾಧಿಕಾರಿ. ಅವನ ಪಕ್ಕದಲ್ಲಿ ಬಣ್ಣ ಹಚ್ಚುವ ಹೆಂಡತಿ, ಶಾಲೆಯಿಂದ ಬಂದು ಹಲಗೆ ಹಿಡಿಯುವ ಮಗ, ಹೊಟ್ಟನ್ನು ತುಂಬುವ ಮಗಳು, ಇವರೂ ಅದೇ ಗಾಳಿಯನ್ನು ಉಸಿರಾಡುತ್ತಾರೆ.

ಒಳ್ಳೆಯ ಬಡಗಿಯು ಮರದ ಎಳೆಯನ್ನು ನೋಡಿ ಉಳಿಯನ್ನು ಹಿಡಿಯುತ್ತಾನೆ; ಅಳತೆ ಮಾಡಿ ಗರಗಸವನ್ನು ಇಡುತ್ತಾನೆ. ಅದೇ ಅಳತೆಯ ಬುದ್ಧಿಯನ್ನು ಅವನು ತಾನು ಉಸಿರಾಡುವ ಗಾಳಿಗೂ ಅನ್ವಯಿಸಬೇಕು. ಎಷ್ಟು ಗಾಳಿ, ಎಷ್ಟು ದೂರ, ಎಷ್ಟು ತಡೆ, ಎಷ್ಟು ನುಣುಪು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ ಕೊಂಡ ಯಂತ್ರವು ವರ್ಷಗಟ್ಟಲೆ ಅವನನ್ನು ಕಾಯುತ್ತದೆ. ಅವನು ಮಾಡಿದ ತೊಟ್ಟಿಲು ಮೂರು ತಲೆಮಾರು ಬಾಳುತ್ತದೆ. ಅದನ್ನು ಮಾಡಿದವನೂ ನೂರು ವರ್ಷ ಬಾಳಲಿ ಎಂದು ಹಾರೈಸುವುದಷ್ಟೇ ಸಾಲದು. ಹಾಗೆ ಬಾಳುವಂತೆ ಅವನ ಕಾರ್ಯಾಗಾರವನ್ನು ಕಟ್ಟುವುದೂ ನಮ್ಮ ಕರ್ತವ್ಯ.